ಏಪ್ರಿಲ್‌ನಲ್ಲಿ ನೋಡಿ ಕಟ್ಟಿದ ಆಫೀಸ್ ರೂಮು, ಜುಲೈನಲ್ಲಿ ಕೂರೋಕಾಗ್ಲಿಲ್ಲ

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳೇ ಮನೆ ರಿಪೇರಿ, ವೈರಿಂಗು, ಚಿಕ್ಕಪುಟ್ಟ ಇಂಟೀರಿಯರ್ ಕೆಲ್ಸ ಮಾಡಿಸ್ತೀನಿ. 2020ರ ಲಾಕ್‌ಡೌನ್ ಆದ್ಮೇಲೆ ನನ್ನ ಕೆಲ್ಸದಲ್ಲಿ ಹೊಸಾದೊಂದು ಸೇರ್ಕೊಂಡಿದೆ, "ಬೆಂಗ್ಳೂರಿಂದ ಮಗ ವಾಪಸ್ ಬಂದಿದಾನೆ, ಮನೇಲೇ ಆಫೀಸಂತೆ, ಅವ್ನಿಗೊಂದು ರೂಮ್ ಮಾಡ್ಕೊಡಿ ಮಾರಾಯ್ರೆ" ಅನ್ನೋ ಫೋನು. ಅಂಥದ್ರಲ್ಲಿ ನಾನು ಸರಿಯಾಗಿ ಎಡವಿದ ಒಂದು ಮನೆ ವಿಷಯ ಇಲ್ಲಿ ಬರೀತಿದೀನಿ. ಮನೆಯವರ ಒಪ್ಪಿಗೆ ಕೇಳಿದೀನಿ, ಊರ ಹೆಸ್ರು ಹಾಕಲ್ಲ, ಗುರ್ತು ಸಿಗೋ ಒಂದೆರಡು ವಿವರ ಬದಲಿಸಿದೀನಿ. ಹುಡುಗನ್ನ ಅವ್ರ ಮನೇಲೆಲ್ಲ ಮಾಣಿ, ಅಂದ್ರೆ ಹುಡುಗ, ಅಂತಾನೇ ಕರೆಯೋದು, ನಾನೂ ಹಾಗೇ ಬರೀತೀನಿ, ವಯಸ್ಸು ಮೂವತ್ತೈದು ದಾಟಿದ್ರೂ ಮಾಣಿ ಮಾಣಿನೇ.

ಮನೆ ಹೇಗಿತ್ತು ಅಂದ್ರೆ

ಮಲೆನಾಡಲ್ಲಿ ಎಲ್ಲಾ ಕಡೆ ನೋಡೋ ಥರದ್ದೇ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಪಕ್ಕ ದೇವರ ಕೋಣೆ, ಅದಕ್ಕೆ ಅಂಟಿಕೊಂಡು ಹಿಂದೆ ಭತ್ತ ತುಂಬ್ತಿದ್ದ ಕಣಜದ ಕೋಣೆ, ಆಮೇಲೆ ಅಡುಗೆ ಮನೆ, ಹಿತ್ಲು, ಕೊಟ್ಟಿಗೆ. ಹಂಚಿನ ಮಾಡು, ಮಣ್ಣಿನ ಗೋಡೆ, ಕೆಲವು ಕೋಣೆಗೆ ಮಾಡಿನ ಕೆಳಗೆ ಹಲಗೆಯ ಮುಚ್ಚಿಗೆ. ಇಪ್ಪತ್ತು ವರ್ಷದ ಹಿಂದೆ ಅಡುಗೆ ಮನೆ ಕಡೆ ಒಂದು ಆರ್‌ಸಿಸಿ ಸ್ಲ್ಯಾಬ್ ಹಾಕಿದ್ರು, ಅದರ ಮೇಲೆ ಕಬ್ಬಿಣದ ಪೈಪು ನಿಲ್ಸಿ ಕಲರ್ ಶೀಟು ಹೊದೆಸಿ ಅಡಿಕೆ ಒಣಗಿಸೋಕೆ ಜಾಗ ಮಾಡ್ಕೊಂಡಿದ್ರು.

ಮಾಣಿ 2020ರ ಮಾರ್ಚಲ್ಲಿ ಒಂದು ಬ್ಯಾಗ್ ಹಿಡ್ಕೊಂಡು ಬಂದವ್ನು, ಹದಿನೈದು ದಿನಕ್ಕೆ ಅಂತ ಬಂದು ಎರಡು ವರ್ಷ ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೆಲ್ಸ ಮಾಡಿದ. 2022ರ ಶುರುವಲ್ಲಿ ಕಂಪನಿಯವ್ರು ನೀನು ಅಲ್ಲೇ ಇದ್ದು ಮಾಡ್ಬಹುದು ಅಂತ ಬರೆದು ಕೊಟ್ರು. ಹೆಂಡ್ತಿನೂ ಬಂದ್ಳು, ಅವ್ಳು ಶಿವಮೊಗ್ಗದ ಒಬ್ಬ ಆಡಿಟರ್ ಹತ್ರ ಜಿಎಸ್‌ಟಿ ಫೈಲಿಂಗ್ ಕೆಲ್ಸ, ಮನೆಯಿಂದ್ಲೇ. ಮಾರ್ಚ್ ಕೊನೇಲಿ ನನ್ನ ಕರೆದ್ರು.

ಮಾಣಿಗೆ ಏನ್ ಬೇಕಿತ್ತು ಅನ್ನೋದು ಅವನ ಮೊಬೈಲಲ್ಲೇ ಇತ್ತು. ನಲವತ್ತು ಫೋಟೋ ಸೇವ್ ಮಾಡಿಟ್ಕೊಂಡಿದ್ದ, ಎಲ್ಲದ್ರಲ್ಲೂ ದೊಡ್ಡ ಗಾಜಿನ ಕಿಟಕಿ, ಆಚೆ ಕಾಡು, ಈಚೆ ಬಿಳಿ ಮೇಜು. ಸ್ಲ್ಯಾಬ್ ಮೇಲೆ ಕರ್ಕೊಂಡು ಹೋಗಿ ತೋರಿಸಿದ, ಎದುರಿಗೆ ಅಡಿಕೆ ತೋಟ, ಅದರಾಚೆ ಗುಡ್ಡ, ಸಂಜೆ ಬಿಸಿಲು. ನಿಜ ಹೇಳ್ಬೇಕಂದ್ರೆ ನಂಗೂ ಆಸೆ ಆಯ್ತು.

ಮೊದಲ ಸಲ ಏನ್ ಮಾಡಿದ್ವಿ

ಸ್ಲ್ಯಾಬಿನ ಪಶ್ಚಿಮದ ಮೂಲೇಲಿ ಹತ್ತಕ್ಕೆ ಹನ್ನೆರಡಡಿ ರೂಮು. ಸಿಮೆಂಟ್ ಬೋರ್ಡಿನ ಗೋಡೆ, ಎರಡು ಕಡೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಶೀಟಿನ ಕೆಳಗೆ ಪಿವಿಸಿ ಸೀಲಿಂಗು, ಆನ್‌ಲೈನಲ್ಲಿ ತರಿಸಿದ ಬಿಳಿ ಮೇಜು, ರೆಕ್ಸಿನ್ ಕುರ್ಚಿ. ಏಪ್ರಿಲ್ ಮೊದಲ ವಾರ ಶುರು ಮಾಡಿ ಮೇ 15ಕ್ಕೆ ಮುಗಿಸ್ಕೊಟ್ಟೆ, 2 ಲಕ್ಷ 85 ಸಾವಿರ ಆಯ್ತು.

ಈ ಒಂದೂವರೆ ತಿಂಗಳಲ್ಲಿ ಮಾಣಿ ಜೊತೆ ಮೂರು ಸಲ ಕೂತು ಮಾತಾಡಿದೆ. ಪೇಂಟ್ ಯಾವ್ದು, ಪ್ಲಗ್ ಪಾಯಿಂಟ್ ಎಲ್ಲೆಲ್ಲಿ, ಕ್ಯಾಮೆರಾ ಹಿಂದೆ ಏನ್ ಕಾಣ್ಬೇಕು, ಎಲ್ಲಾ. ಮಳೆ ಬಗ್ಗೆ ಒಂದು ಮಾತಿಲ್ಲ. ಇದೇ ಊರ ಕಡೆಯವ್ನು ನಾನು, ಶೀಟಿನ ಮಾಡಿನ ಕೆಳಗೆ ಜೂನ್‌ನಲ್ಲಿ ನಿಂತು ಕೂಗಿ ಕೂಗಿ ಮಾತಾಡಿದವ್ನು, ಆದ್ರೂ ಹೊಳೀಲಿಲ್ಲ. ಸೀಲಿಂಗ್ ಹಾಕಿದೀವಲ್ಲ ಸಾಕು ಅಂತ ಒಳಗೆಲ್ಲೋ ಅಂದ್ಕೊಂಡಿದ್ದೆ ಅನ್ಸುತ್ತೆ. ಹೆಂಡ್ತಿನ ಒಂದು ಮಾತೂ ಕೇಳ್ಲಿಲ್ಲ, ಅವ್ಳಿಗೆ ಆಮೇಲೆ ನೋಡೋಣ ಅಂತ ಆಗಿತ್ತು. ಈ ಎರಡನೇ ತಪ್ಪು ಮೊದಲನೇದಕ್ಕಿಂತ ದುಬಾರಿ ಆಯ್ತು, ಹೇಳ್ತೀನಿ.

ಮೊದಲ ಸೂಚನೆ ಮೇನಲ್ಲೇ ಬಂತು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಸಂಜೆ ಹೊತ್ತು ಗುಡುಗು ಸಿಡಿಲು ಜೋರು. ರೂಮು ಕೊಟ್ಟು ವಾರಕ್ಕೆ ಒಂದು ಸಿಡಿಲು ತೋಟದಾಚೆ ಹೊಡೀತು, ಇಲ್ಲಿ ರೂಟರ್ರೂ ಲ್ಯಾಪ್‌ಟಾಪ್ ಚಾರ್ಜರ್ರೂ ಹೋಯ್ತು. ಫೈಬರ್ ಅಲ್ವಾ, ಅದ್ರಲ್ಲಿ ಕರೆಂಟ್ ಬರಲ್ವಲ್ಲ ಅಂತ ಮಾಣಿ ವಾದ. ಗಾಜಿನ ಎಳೇಲಿ ಬರಲ್ಲ ಸರಿ, ಆದ್ರೆ ರೂಟರ್ ಅಡಾಪ್ಟರ್ ಸಿಗ್ಸಿರೋದು ಮನೆ ಲೈನಿಗೇ ಅಲ್ವಾ, ಬರೋದು ಅಲ್ಲಿಂದ. ಅದೂ ಅಲ್ದೆ ಕಂಬದಿಂದ ಕಂಬಕ್ಕೆ ಎಳೆಯೋ ಎಷ್ಟೋ ಫೈಬರ್ ಕೇಬಲ್ ಜೊತೆ ಭಾರ ಹೊರೋಕೆ ಒಂದು ಸ್ಟೀಲ್ ತಂತಿ ಇರುತ್ತೆ. ಅರ್ಥ್ ಟೆಸ್ಟರ್ ಇಟ್ಟು ಕರೆಂಟ್ ನೆಲಕ್ಕೆ ಇಳಿಯೋಕೆ ಎಷ್ಟು ತಡೆ ಇದೆ ಅಂತ ನೋಡಿದೆ, ಅದು 5 ಓಮ್ ಒಳಗಿರ್ಬೇಕು ಅಂತ ನಾವು ನೋಡೋದು, ಅಲ್ಲಿ 38 ತೋರಿಸ್ತು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿ ಕಲ್ಲಾಗುತ್ತೆ, ಹಳೇ ಅರ್ಥಿಂಗ್ ಗುಂಡಿಗೆ ಯಾರೂ ನೀರು ಹಾಕಿರ್ಲಿಲ್ಲ. ಆಗ ಬರೀ ಹಾಳಾದ ಸಾಮಾನು ಬದಲಿಸಿ ಸುಮ್ನಾದ್ವಿ. ಮಾಣಿ ಅಮ್ಮ ಮಾತ್ರ ಆವತ್ತಿಂದ ದೂರದಲ್ಲಿ ಗುಡುಗಿದ ತಕ್ಷಣ ಕೆಳಗಿಂದ ಕೂಗೋಕೆ ಶುರು ಮಾಡಿದ್ರು, "ಮಾಣೀ, ವಯರ್ ಕಿತ್ತಾಕೋ". ಮಾಣಿ ಕಿತ್ತಾಕ್ತಿದ್ದ ಪಾಪ, ಮೀಟಿಂಗ್ ಮಧ್ಯ ಆದ್ರೂ.

ಪಶ್ಚಿಮದ ಬಿಸಿಲು ಬೇರೆ. ಮಧ್ಯಾಹ್ನ ಮೂರರಿಂದ ಆರರ ತನಕ ಸ್ಕ್ರೀನಲ್ಲಿ ಏನೂ ಕಾಣಲ್ಲ, ನಲವತ್ತು ಫೋಟೋ ನೋಡಿ ಮಾಡ್ಸಿದ ಕಿಟಕಿಗೆ ದಪ್ಪ ಪರದೆ ಎಳೆದು ಲೈಟ್ ಹಾಕ್ಕೊಂಡು ಕೂತ್ಕೊಳ್ಳೋ ಹಾಗಾಯ್ತು.

ಜುಲೈ

ಜೂನಲ್ಲಿ ಹೇಗೋ ನಡೀತು. ಜುಲೈ ಮೊದಲ ವಾರ ಮಳೆ ಹಿಡೀತು ನೋಡಿ, ಬಿಡೋ ಮಾತೇ ಇಲ್ಲ. ಮಾಣಿ ಫೋನ್ ಮಾಡಿದ, ಅವ್ನು ಏನ್ ಹೇಳ್ತಿದಾನೆ ಅಂತ ನಂಗೆ ಕೇಳಿಸ್ಲಿಲ್ಲ, ಅದೇ ಅವ್ನು ಹೇಳ್ಬೇಕಂತಿದ್ದ ವಿಷಯನೂ. ಪುಣೆಯಲ್ಲಿರೋ ಮ್ಯಾನೇಜರ್ರು, ನಿಮ್ಮನೆ ಪಕ್ಕ ಫ್ಯಾಕ್ಟರಿ ಇದ್ಯಾ ಅಂತ ಕೇಳಿದ್ರಂತೆ.

ಹೋಗಿ ನೋಡಿದೆ. ಮೊಬೈಲಲ್ಲಿ ಶಬ್ದ ಅಳೆಯೋ ಆ್ಯಪ್ ಹಾಕಿದ್ರೆ 78 ಡೆಸಿಬಲ್ ತೋರಿಸ್ತು. ಆ್ಯಪ್ ಲೆಕ್ಕ ಪೂರ್ತಿ ನಂಬೋ ಹಾಗಿಲ್ಲ, ಆದ್ರೆ ಒಂದೇ ಫೋನಲ್ಲಿ ಅಲ್ಲೊಂದ್ಸಲ ಇಲ್ಲೊಂದ್ಸಲ ಅಳೆದ್ರೆ ವ್ಯತ್ಯಾಸ ಎಷ್ಟು ಅಂತ ಅಂದಾಜು ಸಿಗುತ್ತೆ. ಮಾಮೂಲಿ ಮಾತುಕತೆ 60ರ ಆಸುಪಾಸು ಇರೋದು, ಹತ್ತು ಡೆಸಿಬಲ್ ಹೆಚ್ಚಾದ್ರೆ ಕಿವಿಗೆ ಎರಡರಷ್ಟು ಜೋರು ಅನ್ಸುತ್ತೆ.

ಒಂದೊಂದೇ ಪ್ರಯತ್ನ ಶುರು ಮಾಡಿದ್ವಿ. ಮೊದ್ಲು ಒಳ್ಳೇ ಹೆಡ್‌ಸೆಟ್ ತಗೊಂಡ, ಅವನ ಕಿವಿಗೆ ಆರಾಮ ಆಯ್ತು, ಆದ್ರೆ ಆಚೆ ಕಡೆಯವ್ರಿಗೆ ಮೈಕು ಮಳೆ ಜೊತೆ ಅವನ ದನಿನೂ ಅರ್ಧ ನುಂಗಿ, ಬಾವಿ ಒಳಗಿಂದ ಮಾತಾಡಿದ ಹಾಗೆ ಕೇಳಿಸ್ತಿತ್ತಂತೆ. ಮೊಟ್ಟೆ ಟ್ರೇ ಅಂಟಿಸೋಣ ಅಂತ ಯಾರೋ ಹೇಳಿದ್ರಂತೆ, ಅದು ಬೇಡ್ವೇ ಬೇಡ ಅಂದೆ, ಅದ್ರಿಂದ ರೂಮಿನ ಒಳಗಿನ ಪ್ರತಿಧ್ವನಿ ಸ್ವಲ್ಪ ಕಮ್ಮಿ ಆಗ್ಬಹುದೇ ಹೊರತು ಹೊರಗಿನ ಶಬ್ದ ನಿಲ್ಲಲ್ಲ. ಆಮೇಲೆ ಪಿವಿಸಿ ಸೀಲಿಂಗ್ ಬಿಚ್ಚಿ ಅದರ ಮೇಲೆ ಶಬ್ದ ತಡೆಯೋ ಕಲ್ಲಿನ ನಾರಿನ ಹಾಸು, ಎರಡಿಂಚು ರಾಕ್‌ವೂಲ್ ಹಾಸಿದೆ, 22 ಸಾವಿರ ಆಯ್ತು. 78 ಇದ್ದಿದ್ದು 71ಕ್ಕೆ ಇಳೀತು. ನಂಗೆ ಖುಷಿ, ಮಾಣಿಗೆ ಏನೂ ವ್ಯತ್ಯಾಸ ಕಾಣ್ಲಿಲ್ಲ, ಯಾಕಂದ್ರೆ ಮೀಟಿಂಗ್ ಆಗಲೂ ನಡೀಲಿಲ್ಲ.

ಆಗ ಮಾಣಿಯ ಅಪ್ಪಯ್ಯ ಬಂದು ಎಲೆ ಅಡಿಕೆ ಹಾಕ್ಕೊಳ್ತಾ ನೋಡಿ, "ಮೇಲೆ ಸೋಗೆ ಹೊದೆಸಿ ಬಿಡಿ" ಅಂದ್ರು ಅಷ್ಟೆ. ಅಡಿಕೆ ಸೋಗೆ ಅಂದ್ರೆ ಅಡಿಕೆ ಮರದ ಗರಿ, ನಮ್ಮಲ್ಲಿ ಮಳೆಗಾಲಕ್ಕೆ ಗೋಡೆಗೆ ಇರಿಚಲು ಹೊಡೀದಿರೋಕೆ ಕಟ್ಟೋದು, ಅದನ್ನ ಶೀಟಿನ ಮೇಲೆ. ನಂಗೆ ನಗು ಬಂತು, ಆದ್ರೂ ಖರ್ಚಿಲ್ಲ ಅಲ್ವಾ ಅಂತ ಇಬ್ಬರು ಆಳು ಹತ್ತಿಸಿ ಎರಡು ವರಸೆ ಸೋಗೆ ಹಾಸಿ ಹಗ್ಗ ಎಳೆದು ಕಟ್ಟಿಸಿದೆ. 66. ಇಪ್ಪತ್ತೆರಡು ಸಾವಿರ ಕೊಟ್ಟು ಏಳು ಇಳಿಸಿದ್ದೆ, ಪುಗಸಟ್ಟೆ ಸೋಗೆ ಅದರ ಮೇಲೆ ಇನ್ನೈದು ಇಳಿಸ್ತು. ಕಾರಣ ಯೋಚ್ನೆ ಮಾಡಿದ್ರೆ ಸರಳ, ತೆಳು ಶೀಟು ಡೋಲಿನ ಚರ್ಮ ಇದ್ದ ಹಾಗೆ, ಹನಿ ಬಿದ್ದಾಗ ಅದು ಅದುರುತ್ತೆ, ಅದುರಿದ ಮೇಲೆ ಕೆಳಗಡೆ ಏನ್ ಹಾಸಿದ್ರೂ ಅರ್ಧಂಬರ್ಧ. ಹನಿ ಶೀಟಿಗೆ ಮುಟ್ಟೋಕೆ ಮುಂಚೆ ಒಡೆದ್ರೆ ಅದುರೋದೇ ಕಮ್ಮಿ. ಶಬ್ದ ಹುಟ್ಟೋ ಜಾಗದಲ್ಲಿ ಹಿಡೀಬೇಕು ಅನ್ನೋದು ಅಪ್ಪಯ್ಯಂಗೆ ಗೊತ್ತಿತ್ತೋ ಅಥ್ವಾ ಅಂದಾಜಲ್ಲಿ ಹೇಳಿದ್ರೋ, ಕೇಳಿದ್ರೆ ಸುಮ್ನೆ ನಕ್ಕರು.

ನಾಲ್ಕನೇ ದಿನ ರಾತ್ರಿ ಗಾಳಿಗೆ ಸೋಗೆ ಎಲ್ಲಾ ಹಾರಿ ತೋಟಕ್ಕೆ ಬಿತ್ತು. ಮತ್ತೆ ಕಟ್ಟಿಸ್ಬಹುದಿತ್ತು, ಆದ್ರೆ ಒದ್ದೆ ಸೋಗೆ ಶೀಟಿನ ಮೇಲೆ ಕೂತ್ರೆ ಎರಡು ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ. ಶೀಟು ಕಿತ್ತು ಸ್ಲ್ಯಾಬ್ ಹಾಕ್ಸಿದ್ರೆ ಮೂರು ಲಕ್ಷದ ಮೇಲೆ. ಅಷ್ಟೊತ್ತಿಗೆ ಆನ್‌ಲೈನ್ ಮೇಜಿನ ಅಂಚು ತೇವಕ್ಕೆ ಉಬ್ಬಿ ಅವಲಕ್ಕಿ ಆಗಿತ್ತು, ಕುರ್ಚಿ ಮೇಲೆ ಹಸಿರು ಬೂಷ್ಟು.

ಕಣಜದ ಕೋಣೆ

ಆಗಸ್ಟ್ ಎರಡನೇ ವಾರ, ಜಗಲೀಲಿ ಕೂತು ನಾನು, ಮಾಣಿ, ಅಪ್ಪಯ್ಯ ಮೂರು ಜನ ಸ್ಲ್ಯಾಬ್ ಹಾಕೋದಾ ಬೇಡ್ವಾ ಅಂತ ಲೆಕ್ಕ ಹಾಕ್ತಿದ್ವಿ. ಹೊರಗೆ ಮಳೆ, ಹಂಚಿನ ಮಾಡಿನ ಕೆಳಗೂ ಸ್ವಲ್ಪ ದನಿ ಎತ್ತರಿಸಿಯೇ ಮಾತಾಡ್ತಿದ್ವಿ. ಕಾಫಿ ತಂದ ಮಾಣಿ ಹೆಂಡ್ತಿ ನಿಂತು ಕೇಳಿ, "ನಾನು ತವರಿಗೆ ಫೋನ್ ಮಾಡೋದೆಲ್ಲ ಕಣಜದ ಕೋಣೆ ಒಳಗಿಂದ್ಲೇ, ಅಲ್ಲಿ ಮಳೆ ಬರ್ತಿದೆ ಅಂತಾನೇ ಗೊತ್ತಾಗಲ್ಲ" ಅಂದ್ಳು.

ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ ಮಾಣಿ ಕೇಳಿದ. ನೀವು ಕೇಳ್ಲಿಲ್ವಲ್ಲ ಅಂದ್ಳು. ಅವ್ನಿಗಿಂತ ಜಾಸ್ತಿ ನಂಗೆ ತಾಗ್ತು ಅದು.

ಮೂವರೂ ಎದ್ದು ಹೋದ್ವಿ. ಒಂಬತ್ತಕ್ಕೆ ಹನ್ನೊಂದಡಿ ಕೋಣೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹಲಗೆ ಮುಚ್ಚಿಗೆ, ಮುಚ್ಚಿಗೆ ಮೇಲೆ ಮಣ್ಣು, ಅದರ ಮೇಲೆ ಅಟ್ಟ, ಆಮೇಲೆ ಹಂಚು. ಅದೇ ಫೋನು, ಅದೇ ಆ್ಯಪು, ಅದೇ ಮಳೆ, 46. ಶಬ್ದ ತಡೆಯೋಕೆ ಬೇಕಾಗಿದ್ದು ಭಾರ ಮತ್ತೆ ಸಂದಿ ಇಲ್ದಿರೋದು, ಎರಡೂ ಅಲ್ಲಿ ನೂರು ವರ್ಷದಿಂದ ಇತ್ತು, ಭತ್ತಕ್ಕೆ ಇಲಿ ಬರ್ಬಾರ್ದು ಅಂತ ಮಾಡಿದ್ದು.

ತಕರಾರು ಬರ್ಲಿಲ್ಲ ಅಂತಲ್ಲ. ಮಾಣಿಗೆ ಮುಖ ಸಣ್ಣ ಆಯ್ತು, ಗುಡ್ಡ ಕಾಣೋ ಕಿಟಕಿ ಬಿಟ್ಟು ಒಂದೂವರೆ ಅಡಿ ಅಗಲದ ಕಂಬಿ ಕಿಟಕಿ ಇರೋ ಕತ್ತಲೆ ಕೋಣೆಗೆ ಹೋಗೋದು ಯಾರಿಗೆ ಇಷ್ಟ. ಅಪ್ಪಯ್ಯಂಗೆ ಬೇರೆ ಚಿಂತೆ, ಪಕ್ಕದಲ್ಲೇ ದೇವರ ಕೋಣೆ, ಅಲ್ಲಿ ಚಪ್ಪಲಿ ಹಾಕ್ಕೊಂಡು ಓಡಾಡೋದು, ಪೂಜೆ ಹೊತ್ತಲ್ಲಿ ಇಂಗ್ಲಿಷಲ್ಲಿ ಜಗಳ ಆಡೋದು, ಆಗಲ್ಲ ಅಂದ್ರು. ಎರಡು ದಿನ ಸುಮ್ನಿದ್ದು ಕೊನೆಗೆ ಚಪ್ಪಲಿ ನಡುಮನೆ ಹೊರಗೆ, ಪೂಜೆ ಮುಗಿಯೋ ತನಕ ಬಾಗ್ಲು ಹಾಕಿರ್ಬೇಕು ಅಂತ ಒಪ್ಪಂದ ಆಯ್ತು. ಒಂಬತ್ತೂವರೆ ಮೀಟಿಂಗಿಗೆ ಘಂಟೆ ಸದ್ದು ಈಗ್ಲೂ ಹೋಗುತ್ತೆ, ಟೀಮಲ್ಲಿ ಒಬ್ರು ಕ್ಯಾಮೆರಾ ಮುಂದೆನೇ ಕೈ ಮುಗೀತಾರಂತೆ.

ಈ ಸಲ ನಾನು ಟೇಪು ಹಿಡಿಯೋಕೆ ಮುಂಚೆ ಒಂದು ಹಾಳೇಲಿ ಹನ್ನೆರಡು ತಿಂಗಳು ಬರೆದು ಮನೆಯವ್ರನ್ನೆಲ್ಲ ಕೂರಿಸ್ಕೊಂಡು ಕೇಳಿದೆ, ಅಮ್ಮನ್ನೂ ಸೇರಿಸಿ. ಏಪ್ರಿಲ್ ಮೇ ಸಿಡಿಲು. ಜೂನಿಂದ ಸೆಪ್ಟೆಂಬರ್ ಮಳೆ, ಕರೆಂಟು ಹೋಗೋದು, ಬೂಷ್ಟು, ಒರಲೆ ಅಂದ್ರೆ ಗೆದ್ದಲು. ಅಕ್ಟೋಬರಿಂದ ಅಡಿಕೆ ಕೊಯ್ಲು, ಅಂಗಳದಲ್ಲಿ ರಾತ್ರಿ ಹನ್ನೊಂದರ ತನಕ ಸುಲಿಯೋರು, ಅವ್ರ ಮಾತು ನಗು, ಮಾಣಿಗೆ ಅಮೆರಿಕದವ್ರ ಕಾಲ್ ಇರೋದೂ ರಾತ್ರಿ ಎಂಟರ ಮೇಲೆ. ಸಂಜೆ ಹಾಲು ಕರೆಯೋ ಹೊತ್ತಿಗೆ ಕೊಟ್ಟಿಗೆ ಕಡೆಯಿಂದ ಕರುವಿನ ಕೂಗು. ಎಲ್ಲಾ ಬರೆದು ನೋಡಿದ್ರೆ ಮನೇಲಿ ಹನ್ನೆರಡೂ ತಿಂಗಳು ತಡ್ಕೊಳ್ಳೋ ಕೋಣೆ ಅದೊಂದೇ.

ಬೆಳಕಿನದು ಸುಲಭ ಅಂದ್ಕೊಂಡಿದ್ದೆ, ಅದಕ್ಕೇ ಹೆಚ್ಚು ಹೊತ್ತು ಹೋಯ್ತು. ಮುಚ್ಚಿಗೆ ಇರೋದ್ರಿಂದ ಗಾಜಿನ ಹಂಚು ಹಾಕೋಕಾಗಲ್ಲ. ಓದು ಬರಹದ ಮೇಜಿನ ಮೇಲೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೇಕು, ಅಲ್ಲಿ ಮಧ್ಯಾಹ್ನನೂ 40 ದಾಟ್ತಿರ್ಲಿಲ್ಲ. ಮೊದ್ಲು ಒಂದು ಜೋರು ಬಲ್ಬ್ ನೆತ್ತಿ ಮೇಲೆ ಹಾಕಿ ನೋಡಿದ್ವಿ, ಕ್ಯಾಮೆರಾದಲ್ಲಿ ಮಾಣಿ ಕಣ್ಣು ಗುಳಿ ಬಿದ್ದು ದೆವ್ವದ ಥರ ಕಂಡ. ಆಮೇಲೆ ಗೋಡೆಗೆ ಸುಣ್ಣ ಹೊಡೆಸಿ, 4000 ಕೆಲ್ವಿನ್‌ನ ಎರಡು ಎಲ್ಇಡಿ ಟ್ಯೂಬನ್ನ ಗೋಡೆ ಕಡೆ ತಿರುಗಿಸಿ ಹಾಕಿದೆ, ಬೆಳಕು ಸುಣ್ಣಕ್ಕೆ ತಾಗಿ ವಾಪಸ್ ಬರೋ ಹಾಗೆ. ಮೇಜನ್ನ ಕಿಟಕಿಗೆ ಎದುರೂ ಅಲ್ಲ ಬೆನ್ನೂ ಅಲ್ಲ, ಎಡಗಡೆಗೆ ಬರೋ ಹಾಗಿಟ್ವಿ. ಮಣ್ಣಿನ ಗೋಡೆಗೆ ಎಣ್ಣೆ ಪೇಂಟ್ ಹೊಡೆಸಿ ಅಂತ ಪೇಂಟರ್ ಹಟ ಮಾಡಿದ, ಹೊಡೆದ್ರೆ ಗೋಡೆ ಉಸಿರು ಕಟ್ಟಿ ತೇವ ಒಳಗೇ ನಿಂತು ಪದರ ಪದರ ಬೀಳುತ್ತೆ, ಸುಣ್ಣನೇ ಸರಿ.

ಮೇಜು ಕಣಜದ್ದೇ ಹಲಸಿನ ಹಲಗೆ. ಖಾಲಿ ಬಿದ್ದಿದ್ದ ಕಣಜ ಬಿಚ್ಚಿದ್ವಿ, ಆಚಾರ್ರು ಕೀಸಿ ಕೊಟ್ರು. ಆಚಾರ್ರು ಅಂದ್ಮೇಲೆ ಮೇಜು ಅಂದ್ರೆ ಮೂವತ್ತಿಂಚು ಎತ್ತರ, ಅದು ಅವ್ರಿಗೆ ವೇದ. ಮಾಣಿ ಐದಡಿ ನಾಲ್ಕಿಂಚು, ಮೂವತ್ತಿಂಚಿನ ಮೇಜಿಗೆ ಕೂತ್ರೆ ಭುಜ ಕಿವಿಗೆ ಬರುತ್ತೆ. ಕುರ್ಚಿ ಮೇಲೆ ಕೂರಿಸಿ ಪಾದ ನೆಲಕ್ಕೆ ಊರಿಸಿ ಮೊಣಕೈ ಎತ್ತರ ಅಳೆದು 27 ಇಂಚಿಗೆ ನಿಲ್ಸಿದ್ವಿ, ಮಾನಿಟರ್ ಮೇಲಂಚು ಕಣ್ಣಿನ ಮಟ್ಟಕ್ಕೆ. ಗೋಡೆಯಿಂದ ಮೂರಿಂಚು ದೂರ, ಒರಲೆ ಹತ್ತಿದ್ರೆ ಕಾಣ್ಬೇಕು ಅಂತ. ಪ್ಲೈವುಡ್ಡೇ ಬೇಕು ಅನ್ನೋರು ನಮ್ಮ ಕಡೆ ನೀರು ತಡೆಯೋ ಐಎಸ್ 710 ಮಾರ್ಕಿಂದು ತಗೊಳ್ಳಿ, ಐಎಸ್ 303 ಮಾಮೂಲಿ ಪ್ಲೈ ಒಣ ಊರಿಗೆ ಸರಿ.

ಆ ಗೋಡೆ ದಾಟಿ ವೈಫೈ ಬರಲ್ಲ. ಜಗಲಿಯಲ್ಲಿರೋ ರೂಟರಿಂದ ಅಟ್ಟದ ಮೇಲೆ ಪೈಪ್ ಒಳಗೆ ಇಂಟರ್ನೆಟ್‌ನ 22 ಮೀಟರ್ ಕ್ಯಾಟ್‌ಸಿಕ್ಸ್ ಕೇಬಲ್ ಎಳೆದೆ, ನೂರು ಮೀಟರ್ ತನಕ ತೊಂದ್ರೆ ಇಲ್ಲ ಅದಕ್ಕೆ. ಪೈಪ್ ಇಲ್ದೆ ಎಳೆದಿದ್ರೆ ಇಲಿ ಒಂದೇ ವಾರಕ್ಕೆ ಕತ್ತರಿಸ್ತಿತ್ತು. ಬಾಗ್ಲು ಹಾಕಿದ್ರೆ ಒಳಗೆ ಉಸಿರು ಕಟ್ಟುತ್ತೆ ಅಂತ ಕಿಟಕಿ ಮೇಲೆ ಸಣ್ಣ ಎಕ್ಸಾಸ್ಟ್ ಫ್ಯಾನು, ಮೀಟಿಂಗ್ ಇಲ್ದಾಗ ಹಾಕ್ತಾನೆ.

ಇನ್ನು ಕರೆಂಟು. ಮೊದ್ಲು ಮನೆ ಇನ್ವರ್ಟರ್ ಮೇಲೇ ಆಫೀಸೂ ಇತ್ತು, ಟಿವಿ ಫ್ಯಾನು ಎಲ್ಲಾ ಸೇರಿ ರಾತ್ರಿ ಕಾಲ್ ಹೊತ್ತಿಗೆ ಬ್ಯಾಟರಿ ಖಾಲಿ. ಆಫೀಸಿನ ಲೋಡು ಕೂಡ್ಸಿದ್ರೆ ಲ್ಯಾಪ್‌ಟಾಪ್ 60, ಮಾನಿಟರ್ 25, ಟ್ಯೂಬು ರೂಟರ್ ಸೇರಿ 45, ಅಂದ್ರೆ 130 ವ್ಯಾಟ್ ಅಷ್ಟೆ. 12 ವೋಲ್ಟ್ 150 ಎಎಚ್ ಬ್ಯಾಟರೀಲಿ 1800 ವ್ಯಾಟ್ ಅವರ್ ಅಂತ ಲೆಕ್ಕ, ಪೂರ್ತಿ ಹಿಂಡಬಾರ್ದು, ನಷ್ಟನೂ ಇದೆ, 1100 ಅಂತ ಹಿಡಿದ್ರೂ ಎಂಟು ಗಂಟೆ ಓಡುತ್ತೆ. ಆಫೀಸಿಗೇ ಬೇರೆ ಇನ್ವರ್ಟರು, ಬೇರೆ ಲೈನು ಹಾಕಿದೆ. ರೂಟರಿಗೆ ಒಂದು ಪುಟ್ಟ ಡಿಸಿ ಯುಪಿಎಸ್, ಯಾಕಂದ್ರೆ ಕರೆಂಟು ಇನ್ವರ್ಟರಿಗೆ ತಿರುಗೋ ಆ ಕಣ್ಣು ಮಿಟುಕಿಸೋ ಹೊತ್ತಲ್ಲಿ ರೂಟರ್ ಆಫ್ ಆಗಿ ಮತ್ತೆ ಎದ್ದು ಕೂರೋಕೆ ಮೂರು ನಿಮಿಷ ತಗೋತಿತ್ತು. ಹೊಸ ಅರ್ಥಿಂಗ್ ಗುಂಡಿ ಬಾವಿಕಟ್ಟೆ ನೀರು ಹರಿಯೋ ಜಾಗದಲ್ಲಿ, ಇದ್ದಿಲು ಉಪ್ಪು ಹಾಕಿ, 4 ಓಮಿಗೆ ಬಂತು, ಆಮೇಲೇ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್, ಅಂದ್ರೆ ದಿಢೀರ್ ನುಗ್ಗೋ ಹೆಚ್ಚು ಕರೆಂಟನ್ನ ನೆಲಕ್ಕೆ ಹರಿಸೋ ಸಾಧನ. ಅರ್ಥಿಂಗ್ ಸರಿ ಇಲ್ದೆ ಅದನ್ನ ಹಾಕೋದು ಚರಂಡಿ ಇಲ್ದೆ ಬಚ್ಚಲು ಕಟ್ಟಿದ ಹಾಗೆ. ಎಲ್ಲಾ ಸೇರಿ 66 ಸಾವಿರ, ಮೇಲಿನ ರೂಮಿನ ಕಾಲು ಭಾಗನೂ ಇಲ್ಲ.

ಆಮೇಲೆ

ಅಕ್ಟೋಬರಲ್ಲಿ ಮಾಣಿ ಕೆಳಗೆ ಬಂದ. ಮರುವರ್ಷ 2023ರಲ್ಲಿ ಮಳೆನೇ ಕೈ ಕೊಡ್ತು, ರಾಜ್ಯದಲ್ಲಿ ಹೆಚ್ಚಿನ ಕಡೆ ಬರ, "ಈ ವರ್ಷ ಮೇಲೇ ಕೂರ್ಬಹುದಿತ್ತಲ್ಲ" ಅಂತ ನನ್ನ ಕಂಡಾಗೆಲ್ಲ ಚುಚ್ತಿದ್ದ. ನಿಜವಾದ ಪರೀಕ್ಷೆ ಆಗಿದ್ದು 2024ರ ಜುಲೈನಲ್ಲಿ. ಮಳೆ ಶಬ್ದದ ಬಗ್ಗೆ ಒಂದು ದೂರೂ ಬರ್ಲಿಲ್ಲ, ಆದ್ರೆ ಮರ ಬಿದ್ದು ಲೈನ್ ಹೋಗಿ ಮೂರು ದಿನ ಕರೆಂಟಿಲ್ಲ. ಮೊದಲ ದಿನ ಬ್ಯಾಟರಿ ಓಡ್ತು. ಎರಡನೇ ದಿನ ಬೆಳಿಗ್ಗೆ ಅವ್ನತ್ರ ಇನ್ನೂ ಬ್ಯಾಟರಿ ಇತ್ತು, ಇಂಟರ್ನೆಟ್ ಇರ್ಲಿಲ್ಲ, ಫೈಬರ್ ಬರೋ ಕಡೆನೂ ಬ್ಯಾಟರಿ ಸತ್ತಿತ್ತು, ಮೊಬೈಲ್ ಟವರ್ ಡೀಸೆಲ್ಲೂ ಖಾಲಿ. ಇದಕ್ಕೆ ಮನೆ ಒಳಗೆ ಏನ್ ಮಾಡಿದ್ರೂ ಪರಿಹಾರ ಇಲ್ಲ. ಪೇಟೇಲಿ ಸ್ನೇಹಿತನ ಅಂಗಡಿ ಮಹಡೀಲಿ ಒಂದು ಮೇಜು ಮೊದ್ಲೇ ಮಾತಾಡಿ ಇಟ್ಕೊಂಡಿದ್ದ, ಮಳೆಗಾಲದಲ್ಲಿ ಹೀಗಾಗ್ಬಹುದು ಅಂತ ಮ್ಯಾನೇಜರಿಗೂ ಜೂನಲ್ಲೇ ಹೇಳಿದ್ದ, ಎರಡು ದಿನ ಅಲ್ಲಿಗೆ ಹೋಗಿ ಬಂದ.

ಮೇಲಿನ ರೂಮು ದಂಡ ಆಗ್ಲಿಲ್ಲ. ಅದು ಈಗ ಹೆಂಡ್ತಿದು. ಅವ್ಳಿಗೆ ಫೋನಲ್ಲಿ ಮಾತಾಡೋ ಕೆಲ್ಸ ಕಮ್ಮಿ, ಲೆಕ್ಕದ ಕೆಲ್ಸ, ಮಳೆ ಹುಯ್ದಷ್ಟೂ ನಿದ್ದೆ ಬರಲ್ಲ ಒಳ್ಳೇದೇ ಅಂತಾಳೆ. ಗುಡ್ಡ ಕಾಣೋ ಕಿಟಕಿ ಪರದೆ ಅವ್ಳು ಮಧ್ಯಾಹ್ನ ಮೂರರ ತನಕ ಎಳೆಯಲ್ಲ. ತವರಿಗೆ ಫೋನ್ ಮಾಡೋಕೆ ಮಾತ್ರ ಇವತ್ತಿಗೂ ಕೆಳಗೆ ಇಳಿದು ಬಂದು ಮಾಣಿನ ಕಣಜದ ಕೋಣೆಯಿಂದ ಆಚೆ ಕಳಿಸ್ತಾಳೆ.

ಕುರ್ಚಿದೊಂದು ನಂಗೆ ಬಗೆಹರಿಸೋಕಾಗ್ಲಿಲ್ಲ. ಆ ರೆಕ್ಸಿನ್ ಕುರ್ಚಿಗೆ ಪ್ರತಿ ಆಗಸ್ಟಲ್ಲೂ ಬೂಷ್ಟು ಬರುತ್ತೆ, ಬದಲಿಸು ಅಂದ್ರೆ ಇನ್ನೂ ಚೆನ್ನಾಗಿದೆ ಅಂತಾನೆ. ನೀವು ಆ ಕಡೆ ಹೋದಾಗ ಬಿಸಿಲು ಬಿದ್ದ ದಿನ ಯಾವ್ದೋ ಮನೆ ಅಂಗಳದಲ್ಲಿ ಕಂಬಳಿ ಪಕ್ಕ ಚಕ್ರ ಇರೋ ಕುರ್ಚಿ ಒಣಗ್ತಾ ಇದ್ರೆ, ಅದೇ ಮನೆ.